ಎರಡನೇ ಗುಂಡಿಯ ಹಾಲು

“ಇವನ ಕೈಯಾಗ ಹಾಲು ಒಡಿಯಂಗಿಲ್ಲರಿ, ಸಾಯ್ತಾವು,” ಎಂದು ಆದಪ್ಪ ಸಿಂಧನೂರಿನ ಬಸ್‌ಸ್ಟ್ಯಾಂಡಿನ ಮುಂದೆ ಗಿಲಾಸು ಹಿಡಿದು ನಿಂತಿದ್ದ ಹತ್ತು ಹದಿನೈದು ಮಂದಿಗೂ ಕೇಳುವಂತೆ ಹೇಳಿದ. “ಇಂಥ ಕೈ ಹೆಣ ಎತ್ತಾಕ ಸೈ. ಹಾಲು ಕಾಸಾಕಲ್ಲ.”

ಹೇಳಿಸಿಕೊಂಡವನು ಅವನ ಕಿರಿಯ ಮಗ ಪಕೀರಪ್ಪ. ಬಂಡಿಯ ಆಚೆ ಬದಿಗೆ ಸೌಟು ಹಿಡಿದೇ ನಿಂತಿದ್ದ. ಇಪ್ಪತ್ತೆರಡು ವರ್ಷದ ಆಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಗಿನಿಂದ ಇದೇ ಬಂಡಿ ತಳ್ಳಿದವನು. ಅವನ ಮುಂದೆ ಒಲೆಯ ಮೇಲಿದ್ದ ಗುಂಡಿ ಪಾತ್ರೆಯಲ್ಲಿ ಕುಸುಬಿ ಹಾಲು ಒಡೆದು, ಬಿಳಿ ಗಡ್ಡೆ ಒಂದು ಕಡೆ, ಹಳದಿ ನೀರು ಒಂದು ಕಡೆ ಆಗಿ ಕುದಿಯುತ್ತಿತ್ತು. ಜವಳಗೇರಾ ಬಸ್ಸಿನ ಕಂಡಕ್ಟರ್ ಗುಂಡಿಯೊಳಗೆ ಇಣುಕಿ ನೋಡಿ, ಖಾಲಿ ಗಿಲಾಸನ್ನು ಮೆಲ್ಲಗೆ ಬಂಡಿಯ ಮೇಲಿಟ್ಟು ರಸ್ತೆ ದಾಟಿದ. ಅವನ ಹಿಂದೆ ಉಳಿದವರೂ ದಾಟಿದರು. ರಸ್ತೆಯ ಆ ಕಡೆ ಮರಿಸ್ವಾಮಿಯ ಬಂಡಿ ಇತ್ತು. ಆ ಚಳಿಗಾಲಕ್ಕೇ ಹೊಸದಾಗಿ ಬಂದವನು. ಆದಪ್ಪ ಬಾರಾಣೆಗೆ ಮಾರುವ ಹಾಲನ್ನು ಎಂಟಾಣೆಗೆ ಮಾರುತ್ತಿದ್ದ.

“ಆದಪ್ಪಣ್ಣ, ಚೆಲ್ಲಬ್ಯಾಡ್ರಿ,” ಎಂದು ಮರಿಸ್ವಾಮಿ ಅಲ್ಲಿಂದಲೇ ಕೂಗಿದ. “ಗಿಣ್ಣ ಅಂತ ಮಾರ್ರಿ, ಎರಡು ರೂಪಾಯಿ ಬರ್ತೈತಿ.”

ಮಂದಿ ನಕ್ಕರು. ಆದಪ್ಪ ಗುಂಡಿಯನ್ನು ತಾನೇ ಎತ್ತಿ ಗಟಾರಕ್ಕೆ ಸುರಿದ. ಸುರಿದವನು ಎರಡನೇ ಮಾತನ್ನೂ ಅಲ್ಲೇ ಆಡಿದ. ಮಸ್ಕಿಯಲ್ಲಿ ಹಾಕಬೇಕೆಂದಿದ್ದ ಹೊಸ ಬಂಡಿ ಇನ್ನು ಪಕೀರಪ್ಪನಿಗಿಲ್ಲ, ಗುರುಗುಂಟಾದ ಅಳಿಯ ಅಮರಗುಂಡಪ್ಪನಿಗೆ.

ಮೊದಲನೇ ಮಾತನ್ನು ಪಕೀರಪ್ಪ ನುಂಗಿಕೊಂಡಿದ್ದ. ಎರಡನೆಯದನ್ನು ನುಂಗಲಾಗಲಿಲ್ಲ. ಮಸ್ಕಿಯ ಬಂಡಿಗಾಗಿ ಅವನು ಮೂರು ವರ್ಷ ಕಾದಿದ್ದ. ಅಲ್ಲಿಗೆ ಹೋಗಿ ಬಸ್ಸು ನಿಲ್ಲುವ ಕಡೆ ಬೇವಿನ ಮರದ ಕೆಳಗೆ ಜಾಗ ನೋಡಿಕೊಂಡು, ಪಕ್ಕದ ಪಾನ್ ಅಂಗಡಿಯವನಿಗೆ ಎರಡು ಸಲ ಚಹಾ ಕುಡಿಸಿ ಬಂದಿದ್ದ. ಮಸ್ಕಿಯಲ್ಲಿ ಕುಸುಬಿ ಹಾಲು ಮಾರುವವರು ಇರಲಿಲ್ಲ, ಕಾಳು ಸಂತೆಯಲ್ಲೇ ಸಿಗುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಅಪ್ಪ ಇರುತ್ತಿರಲಿಲ್ಲ.

ಅದು ಎಂಬತ್ತೇಳರ ಚಳಿಗಾಲ. ಆ ಮನೆಯ ಅನ್ನ ಕುಸುಬಿ ಕಾಳಿನಿಂದ ಬರುತ್ತಿತ್ತು. ಆದಪ್ಪನ ಊರು ಗುರುಗುಂಟಾ. ಅಲ್ಲಿ ಚಳಿಗಾಲಕ್ಕೆ ಎಲ್ಲರ ಮನೆಯಲ್ಲೂ ಮಾಡುತ್ತಿದ್ದ ಹಾಲನ್ನು ಇಲ್ಲಿ ನೀರಾವರಿ ಊರಿಗೆ ತಂದು ಮಾರಿದವನು ಅವನೇ. ಕಾಳನ್ನು ರಾತ್ರಿ ನೆನೆಯಿಟ್ಟು, ಒರಳಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಬೆಲ್ಲ, ಯಾಲಕ್ಕಿ, ಒಣಶುಂಠಿ ಹಾಕಿ ಕುದಿಸಿದರೆ ಹಾಲು. ಕೆಮ್ಮಿನವರು ಕುಡಿಯುತ್ತಿದ್ದರು, ನಸುಕಿನ ಬಸ್ಸಿಗೆ ಬಂದವರು ಕುಡಿಯುತ್ತಿದ್ದರು, ಸೋಮವಾರ ಒಪ್ಪತ್ತು ಇದ್ದವರು ಅಕ್ಕಿ ಜೋಳ ಮುಟ್ಟದ ಹಾಲೆಂದು ಎರಡೆರಡು ಗಿಲಾಸು ಕುಡಿಯುತ್ತಿದ್ದರು.

ಒಂದೇ ಕಾಳಿನಿಂದ ಎರಡು ಗುಂಡಿ ಹಾಲು ಬರುತ್ತಿತ್ತು. ಮೊದಲ ಹಿಂಡಿನದು ಗಟ್ಟಿ. ಹಿಪ್ಪೆಯನ್ನು ನೀರು ಹಾಕಿ ಮತ್ತೆ ರುಬ್ಬಿ ಹಿಂಡಿದರೆ ಎರಡನೆಯದು, ಕೊಂಚ ತೆಳು. ಎಣ್ಣೆ ಗಿರಣಿಯವರು ಕುಸುಬಿಗೆ ಮುಗಿಬಿದ್ದು ರೇಟು ಏರಿಸಿದ ಮೇಲೆ ಮೊದಲ ಗುಂಡಿಯ ದುಡ್ಡು ಕಾಳಿಗೆ, ಬೆಲ್ಲಕ್ಕೆ, ಕಟ್ಟಿಗೆಗೇ ಸರಿಹೋಗುತ್ತಿತ್ತು. ಲಾಭವೆಂಬುದು ಎರಡನೇ ಗುಂಡಿಯಲ್ಲಿ ಮಾತ್ರ ಇತ್ತು. ಮಸ್ಕಿಯ ಬಂಡಿ ಹುಟ್ಟಬೇಕಾದದ್ದೂ ಅದರಲ್ಲೇ. ದೀಪಾವಳಿ ಕಳೆದಾಗಿನಿಂದ ಆ ಗುಂಡಿಯೇ ವಾರಕ್ಕೆ ನಾಲ್ಕು ಐದು ದಿನ ಒಡೆಯುತ್ತಿತ್ತು.

ಮೊದಲ ಗುಂಡಿ ಎಂದೂ ಒಡೆಯಲಿಲ್ಲ. ಅದಕ್ಕೆ ಆದಪ್ಪನ ಬಳಿ ಕಾರಣವಿತ್ತು. ಆ ಗುಂಡಿಯ ಮೊದಲ ಗಿಲಾಸು ಮನೆದೇವರು ಅಮರೇಶ್ವರನಿಗೆ. ನಸುಕಿನಲ್ಲಿ ಸ್ನಾನ ಮಾಡಿ, ಹಣೆಗೆ ಈಬತ್ತಿ ಬಳಿದುಕೊಂಡು, ತಾನೇ ಕೈಯಾರೆ ಕಾಸಿ, ಐದಕ್ಕೆಲ್ಲ ಹಿರಿಯ ಮಗ ಬಸ್ಸಪ್ಪನ ಜೊತೆ ಬಂಡಿ ತಳ್ಳಿಕೊಂಡು ಹೋಗುತ್ತಿದ್ದ. ಎರಡನೇ ಗುಂಡಿಯದು ಪಕೀರಪ್ಪನ ಪಾಳಿ. ಹೆಂಗಸರು ಹಿಂಡಿಕೊಟ್ಟ ಹಸಿ ಹಾಲನ್ನು ಕ್ಯಾನಿಗೆ ಹಾಕಿ, ಸೈಕಲ್ಲಿಗೆ ಕಟ್ಟಿಕೊಂಡು ಏಳರ ಹೊತ್ತಿಗೆ ಬಂಡಿಗೆ ಮುಟ್ಟಿಸಿ ಅಲ್ಲೇ ಕಾಸಬೇಕು. ಅವನು ಸ್ನಾನ ಮಾಡುತ್ತಿದ್ದುದು ಮಧ್ಯಾಹ್ನ. ಈಬತ್ತಿ ಹಚ್ಚುತ್ತಿದ್ದುದು ಹಬ್ಬಕ್ಕೆ. ಒಂದು ಕೈ ಶುದ್ಧ, ಇನ್ನೊಂದು ಕೈ ಮೈಲಿಗೆ, ಹಾಲಿಗೆ ಅದು ತಿಳಿಯುತ್ತದೆ ಎಂದು ಆದಪ್ಪ ತೀರ್ಮಾನಿಸಿಬಿಟ್ಟಿದ್ದ.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅದೇ ಮಾತು ಮುಂದುವರಿಯಿತು. ಸೂಗಮ್ಮ ಗಂಡನಿಗೂ ಮಕ್ಕಳಿಗೂ ರೊಟ್ಟಿ, ಪುಂಡಿಪಲ್ಯ ನೀಡಿದಳು. ನಾಳೆಯಿಂದ ನಸುಕಿಗೆ ತಣ್ಣೀರು ಸ್ನಾನ, ಹಣೆಗೆ ಮೂರು ಬೆರಳು ಈಬತ್ತಿ, ಆಮೇಲೆ ಕ್ಯಾನು ಮುಟ್ಟುವುದು ಎಂದು ಆದಪ್ಪ ಹುಕುಂ ಮಾಡಿದ.

“ಮರಿಸ್ವಾಮಿ ಬೀಡಿ ಸೇದ್ಕೋತ ಕಾಸ್ತಾನ,” ಎಂದ ಪಕೀರಪ್ಪ. “ಅವನವು ಯಾಕ ಒಡಿಯಂಗಿಲ್ಲ?”

“ಅವನ ಅಪ್ಪನ್ನ ಕೇಳು.”

“ನನ್ನಪ್ಪನ್ನ ಕೇಳಾಕತ್ತೀನಿ.”

ಬಸ್ಸಪ್ಪ ತಾಟಿನ ಮೇಲೆ ಇನ್ನಷ್ಟು ಬಗ್ಗಿದ. ಅವನಿಗೆ ಮೂವತ್ತು ದಾಟಿತ್ತು. ಅಪ್ಪ-ತಮ್ಮನ ಜಗಳದಲ್ಲಿ ಇಂದಿನವರೆಗೂ ಒಂದು ಮಾತು ಆಡಿದವನಲ್ಲ. ಅವನ ಹೆಂಡತಿ ಶೇಖರಮ್ಮ, ನಾಲ್ಕು ತಿಂಗಳ ಬಸುರಿ, ಒಲೆಯ ಮುಂದಿನಿಂದ ಮೈದುನನನ್ನು ಒಂದು ಸಲ ನೋಡಿ ಮುಖ ತಿರುಗಿಸಿದಳು.

ಪಕೀರಪ್ಪ ಸ್ನಾನ ಮಾಡಿದ. ಈಬತ್ತಿ ಹಚ್ಚಿದ. ಮೊದಲ ದಿನ ಹಾಲು ಒಡೆಯದೆ ನಿಂತಿತು. ಆದಪ್ಪ ಕಂಡಕ್ಟರನನ್ನು ಕರೆದು ತೋರಿಸಿದ. ಎರಡನೇ ದಿನ ಒಡೆಯಿತು, ಮೂರನೇ ದಿನವೂ ಒಡೆಯಿತು. ನಾಲ್ಕನೇ ದಿನ ಆದಪ್ಪ ಸೌಟನ್ನು ಕಸಿದು ಬಸ್ಸಪ್ಪನಿಗೆ ಕೊಟ್ಟ. ಬಸ್ಸಪ್ಪ ಉಸಿರು ಬಿಗಿಹಿಡಿದು ತಿರುವಿದ. ಅವನ ಕೈಯಲ್ಲೂ ಒಡೆಯಿತು. ಕ್ಯಾನನ್ನು ಮನೆಯಿಂದ ತಂದವನು ಪಕೀರಪ್ಪನಲ್ಲವೇ ಎಂದ ಆದಪ್ಪ. ಆ ಮಾತಿಗೆ ಬಸ್ಸಪ್ಪನಿಗೂ ನಗು ಬಂತು, ಆದರೆ ನಗಲಿಲ್ಲ.

ಅಷ್ಟರಲ್ಲಿ ಪುಷ್ಯ ಮಾಸ ಬಂತು. ಮನೆಯ ಮುಂದಿನ ಬೋರಿಂಗ್ ಕೆಟ್ಟಿತು.

ಬೋರಿಂಗ್ ಎಂದರೆ ಕೈಪಂಪು. ಅದನ್ನು ಓಣಿಗೆ ತಂದವನು ಆದಪ್ಪ. ಹನ್ನೊಂದು ತಿಂಗಳು ಆಫೀಸಿಗೆ ಅಡ್ಡಾಡಿ, ಸಿಕ್ಕಸಿಕ್ಕವರಿಗೆ ಪುಕ್ಕಟೆ ಹಾಲು ಕುಡಿಸಿ, ದೀಪಾವಳಿಯ ಮುಂದೆ ತನ್ನ ಬಾಗಿಲಿಗೆ ಎದುರಾಗಿಯೇ ಹಾಕಿಸಿದ್ದ. ಓಣಿಯವರು ಅದನ್ನು ಆದಪ್ಪನ ಬೋರಿಂಗ್ ಎಂದೇ ಕರೆಯುತ್ತಿದ್ದರು. ಅದಕ್ಕೂ ಮೊದಲು ಸೂಗಮ್ಮ ಮತ್ತು ಶೇಖರಮ್ಮ ಒಂದು ಮೈಲಿ ಆಚೆಯ ಕಾಲುವೆಯಿಂದ ದಿನಕ್ಕೆ ಹದಿನಾರು ಕೊಡ ನೀರು ಹೊರುತ್ತಿದ್ದರು. ಬೋರಿಂಗ್ ಬಂದ ಮೇಲೆ ಎರಡೇ ಕೊಡ. ಅದು ಮೊದಲ ಗುಂಡಿಗೆ. ಬೋರಿಂಗ್ ಕೂರಿಸುವಾಗ ಅದರ ಹೊಟ್ಟೆಯಲ್ಲಿ ಚರ್ಮದ ವಾಷರ್ ಹಾಕಿದ್ದನ್ನು ಸೂಗಮ್ಮ ಕಣ್ಣಾರೆ ಕಂಡಿದ್ದಳು. ಚರ್ಮ ತಾಗಿದ ನೀರನ್ನು ಅಮರೇಶ್ವರನ ಹಾಲಿಗೆ ಹಾಕಲಾಗದು, ದೇವರಿಗೆ ಹರಿಯುವ ನೀರೇ ಆಗಬೇಕು ಎಂದು ಅವತ್ತೇ ಹೇಳಿದ್ದಳು. ಆದಪ್ಪನೂ ಅದಕ್ಕೆ ಒಪ್ಪಿದ್ದ. ಎರಡನೇ ಗುಂಡಿ ಮಂದಿಗೆ ತಾನೇ, ಅದಕ್ಕೆ ಬೋರಿಂಗಿನ ನೀರು ನಡೆಯುತ್ತಿತ್ತು.

ಬೋರಿಂಗ್ ಕೆಟ್ಟ ದಿನ ಆದಪ್ಪ ಹೆಚ್ಚು ಯೋಚಿಸಲಿಲ್ಲ. ಹೆಂಗಸರು ಕಾಲುವೆಗೆ ಹೋಗಲಿ ಎಂದ. ಶೇಖರಮ್ಮನಿಗೆ ಐದು ತುಂಬಿತ್ತು. ತಾನು ಸೈಕಲ್ಲಿನ ಮೇಲೆ ಕ್ಯಾನಿನಲ್ಲಿ ತರುತ್ತೇನೆ ಎಂದು ಪಕೀರಪ್ಪ ಮುಂದೆ ಬಂದ. ಓಣಿಯ ನಾಲ್ಕು ಬಾಗಿಲಲ್ಲಿ ಮಂದಿ ನಿಂತಿದ್ದರು.

“ಹೋಗು,” ಎಂದ ಆದಪ್ಪ. “ನಿಮ್ಮವ್ವನ ಸೀರಿ ಉಟ್ಕೊಂಡು ಹೋಗು. ಆದಪ್ಪನ ಮನ್ಯಾಗ ಹೆಂಗಸರು ಸತ್ತಾರಂತ ಊರಿಗೆಲ್ಲ ತಿಳೀಲಿ.”

ಪಕೀರಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಹೋದ. ಅತ್ತೆ ಸೊಸೆ ಐದು ದಿನ ಹೊತ್ತರು. ಐದನೇ ದಿನ ಸಂಜೆ ಶೇಖರಮ್ಮ ಸೊಂಟ ಹಿಡಿದುಕೊಂಡು ಮಲಗಿದಳು, ಸೂಗಮ್ಮನ ಮೊಣಕಾಲು ಬಾತು ಕುಂಬಳಕಾಯಿಯಾಗಿತ್ತು. ಆ ಐದೂ ದಿನ ಎರಡನೇ ಗುಂಡಿ ಒಡೆಯಲಿಲ್ಲ. ತಾನು ಅಮರೇಶ್ವರನಿಗೆ ಹರಕೆ ಹೊತ್ತಿದ್ದೆ, ಫಲ ಸಿಕ್ಕಿತು ಎಂದು ಆದಪ್ಪ ಬಂಡಿಯ ಮುಂದೆ ನಿಂತವರಿಗೆಲ್ಲ ಹೇಳಿದ.

ಆರನೇ ದಿನ ಮೆಕ್ಯಾನಿಕ್ ಉಸ್ಮಾನ್‌ಸಾಬ್ ಬಂದು ಬೋರಿಂಗ್ ಬಿಚ್ಚಿ ಸವೆದ ವಾಷರ್ ತೆಗೆದು ಹೊಸದು ಹಾಕಿದ. ಆದಪ್ಪ ಮನೆಯಲ್ಲಿರಲಿಲ್ಲ. ಪಕೀರಪ್ಪ ನಟ್ಟು ಬಿಚ್ಚುವ ಪಾನಾ ಹಿಡಿದುಕೊಟ್ಟ. ಕೆಲಸ ಮುಗಿದ ಮೇಲೆ ಉಸ್ಮಾನ್‌ಸಾಬ್ ಕುಡಿಯಲು ನೀರು ಕೇಳಿದ. ಸೂಗಮ್ಮ ತಂಬಿಗೆ ತಂದುಕೊಟ್ಟಳು. ಅವನು ಒಂದು ಗುಟುಕು ಕುಡಿದು ನಕ್ಕ.

“ನೋಡ್ರಿ ಯವ್ವ, ಇಪ್ಪತ್ತು ಊರಾಗ ಬೋರಿಂಗ್ ರಿಪೇರಿ ಮಾಡ್ತೀನಿ, ಕುಡಿಯಾಕ ಬೋರಿಂಗ್ ನೀರು ಒಬ್ರೂ ಕೊಡಂಗಿಲ್ಲ. ಎಲ್ಲಾರೂ ಕೆನಾಲಿಂದ ಕೊಡ್ತಾರ.”

“ಅದು ಸವಳು ನೀರಪ್ಪ,” ಎಂದಳು ಸೂಗಮ್ಮ.

“ಸವಳಂದ್ರ ಎಂಥ ಸವಳು. ಇದರಾಗ ಸಬಕಾರ ನೊರಿ ಬರಂಗಿಲ್ಲ, ಬ್ಯಾಳಿ ಕುದಿಯಂಗಿಲ್ಲ. ಹಾಲು ಕಾಸಿದ್ರ...” ಎಂದವನು ಪಾನಾ ಚೀಲಕ್ಕೆ ಹಾಕಿಕೊಳ್ಳುವುದರಲ್ಲಿ ಮಾತು ಬಿಟ್ಟು, ಸೈಕಲ್ ಹತ್ತಿ ಹೋದ.

ಮರುದಿನ ಎರಡನೇ ಗುಂಡಿಗೆ ಮತ್ತೆ ಬೋರಿಂಗಿನ ನೀರು ಬಂತು. ಅವತ್ತೇ ಹಾಲು ಒಡೆಯಿತು.

ಆ ಮಧ್ಯಾಹ್ನ ಆದಪ್ಪ ಕಾಳು ತರಲು ಮಸ್ಕಿ ಸಂತೆಗೆ ಹೋಗಿದ್ದ. ಪಕೀರಪ್ಪ ಒಂದು ಹಿಡಿ ಹಿಪ್ಪೆಯನ್ನು ಎರಡು ಪಾಲು ಮಾಡಿದ. ಒಂದು ಪಾಲನ್ನು ದೇವರ ಕೊಡದ ನೀರಿನಲ್ಲಿ, ಇನ್ನೊಂದನ್ನು ಬೋರಿಂಗಿನ ನೀರಿನಲ್ಲಿ ಕಿವುಚಿ ಹಿಂಡಿ, ಎರಡು ಬೋಗುಣಿಯಲ್ಲಿ ಒಂದೇ ಒಲೆಯ ಮೇಲೆ ಒಂದಾದ ಮೇಲೊಂದು ಇಟ್ಟ. ಎರಡನ್ನೂ ಅದೇ ಕೈಯಿಂದ ತಿರುವಿದ. ಸ್ನಾನವನ್ನು ಬೇಕೆಂದೇ ಮಾಡಿರಲಿಲ್ಲ. ದೇವರ ನೀರಿನದು ನೊರೆಗಟ್ಟಿ ಉಕ್ಕಿತು. ಬೋರಿಂಗಿನದು ಕುದಿ ಬರುತ್ತಲೇ ಗಡ್ಡೆಗಟ್ಟಿತು.

ಅವನು ತಲೆ ಎತ್ತಿದಾಗ ಶೇಖರಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

“ಅತ್ತಿಗಿ, ನಿನಗ ಗೊತ್ತಿತ್ತು.”

“ಬ್ಯಾಳಿ ಕುದಿಸಾಕ ನಾವು ಯಾವ ಕೊಡದ ನೀರು ಹಾಕ್ತೀವಿ ಅಂತ ನೀ ಎಂದರ ನೋಡಿಯೇನು?” ಎಂದಳು ಶೇಖರಮ್ಮ. “ಗಂಡಸರು ಉಣ್ಣಾಕಷ್ಟ ಒಳಗ ಬರ್ತೀರಿ.”

“ಅವ್ವಗ?”

ಅವಳು ಹಿತ್ತಲ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಪಕೀರಪ್ಪ ಒಡೆದ ಬೋಗುಣಿಯನ್ನು ಹಾಗೆಯೇ ಎತ್ತಿಕೊಂಡು ಹಿತ್ತಲಿಗೆ ನಡೆದ. ಸೂಗಮ್ಮ ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುತ್ತ ಕೂತಿದ್ದಳು. ಅವನು ಬೋಗುಣಿಯನ್ನು ಅವಳ ಮುಂದೆ ಕುಕ್ಕಿದ. ಹಾಲು ಚಿಮ್ಮಿ ಅವಳ ಸೀರೆಗೆ ಸಿಡಿಯಿತು.

ಬೋರಿಂಗ್ ಬಂದ ವಾರದಲ್ಲೇ ತಿಳಿದಿತ್ತು ಎಂದು ಅವಳು ಒಪ್ಪಿಕೊಂಡಳು. ಅಡ್ಡಿಲ್ಲ, ನಾಲ್ಕು ದಿನಕ್ಕೆ ನೀರು ತಿಳಿಯಾದೀತು ಎಂದುಕೊಂಡಿದ್ದಳಂತೆ. ಆಗಲಿಲ್ಲ. ಆಮೇಲೆ ಹೇಳಿದರೆ ಆಗುವುದೇನು ಎಂಬುದೂ ಅವಳಿಗೆ ಗೊತ್ತಿತ್ತು.

“ಬಸ್‌ಸ್ಟ್ಯಾಂಡಿನ್ಯಾಗ ನಿಂತು ಹೆಣ ಎತ್ತೋ ಕೈ ಅಂದಾನ ನನಗ,” ಎಂದ ಪಕೀರಪ್ಪ. ಅವನ ಧ್ವನಿ ಓಣಿಗೆ ಕೇಳುವಷ್ಟು ಏರಿತ್ತು. “ಮಸ್ಕಿ ಬಂಡಿ ಕಸ್ಕೊಂಡಾನ. ಎರಡು ತಿಂಗಳು ನೀ ರೊಟ್ಟಿ ತಟ್ಕೋತ ಸುಮ್ಮನ ಕುಂತಿ. ನೀ ತಾಯಿ ಏನು ಬೇ?”

ಸೂಗಮ್ಮ ಸೀರೆಗೆ ಸಿಡಿದ ಗಡ್ಡೆಯನ್ನು ಉಗುರಿನಿಂದ ಕೆರೆದು ತೆಗೆದಳು.

“ಇಪ್ಪತ್ತೈದು ವರ್ಷ ಹೊತ್ತೀನಿ. ದಿನಾ ಹದಿನಾರು ಕೊಡ,” ಎಂದಳು. “ನೀ ಹೊಟ್ಟ್ಯಾಗಿದ್ದಾಗ ಹೊತ್ತೀನಿ. ನಿನ್ನ ಹಿಂದಿಂದು ಒಂದು ಕೂಸು ಆ ದಾರ್ಯಾಗ ಹೋತು, ಅದನ್ನ ನಿಮ್ಮಪ್ಪ ಯಾವ ಬಸ್‌ಸ್ಟ್ಯಾಂಡಿನ್ಯಾಗೂ ಹೇಳಿಲ್ಲ. ಈಗ ಅಕಿಗೆ ಐದು ತುಂಬ್ಯಾವ. ನಿನಗ ಎರಡು ತಿಂಗಳು ಬೈಗಳ ಬಿದ್ದಾವ. ನೀನ ತೂಗು.”

ಪಕೀರಪ್ಪನಿಗೆ ತೂಗಲು ಬರಲಿಲ್ಲ. ಅಪ್ಪನಿಗೆ ಈಗಲೇ ಹೋಗಿ ಹೇಳುತ್ತೇನೆ ಎಂದ. ಹೇಳು, ನಾಳೆಯಿಂದ ಕೊಡ ತೊಳೆದಿಡುತ್ತೇನೆ ಎಂದಳು ಅವಳು. ಅವನು ಬಾಗಿಲವರೆಗೆ ಹೋಗಿದ್ದಾಗ ಮತ್ತೆ ಕರೆದಳು.

“ವಾರದಾಗ ಎರಡು ದಿನ ಒಡಿತಿದ್ದಿಲ್ಲಲ್ಲ. ಅದು ಯಾರ ಕೈಗುಣ ಅಂತ ತಿಳಿದಿದ್ದಿ?”

ಅವನು ತಿರುಗಿ ನೋಡಿದ. ಮೊಣಕಾಲು ಮಾತು ಕೇಳಿದ ದಿನ ಅವಳು ದೇವರ ಎರಡು ಕೊಡದ ಜೊತೆಗೆ ಇನ್ನೆರಡು ಸಲ ಕಾಲುವೆಗೆ ಹೋಗಿ, ಯಾರಿಗೂ ಹೇಳದೆ ಎರಡನೇ ಹಿಂಡಿಗೂ ಅದೇ ನೀರು ಹಾಕುತ್ತಿದ್ದಳು. ಕಾಲು ಕೇಳದ ದಿನ ಮಗ ಬೈಸಿಕೊಳ್ಳುತ್ತಿದ್ದ.

ಪಕೀರಪ್ಪ ಆ ಸಂಜೆ ಅಪ್ಪನ ಮುಂದೆ ಬಾಯಿ ತೆರೆದದ್ದು ಒಂದೇ ಸಲ. ಊಟದ ಹೊತ್ತಿನಲ್ಲಿ, ಬೋರಿಂಗಿನ ನೀರು ಸವಳು ಎಂದು ಉಸ್ಮಾನ್‌ಸಾಬ್ ಹೇಳಿದ ಎಂದಷ್ಟೇ ಅಂದ. ಆದಪ್ಪ ತುತ್ತನ್ನು ತಾಟಿಗೆ ಹಾಕಿದ. ಓಣಿಯ ಅರವತ್ತು ಮನೆ ಕುಡಿಯುವ ನೀರಿಗೆ ಹೆಸರಿಡುತ್ತಾನೆ ಈ ಮಗ ಎಂದ. ತಾನು ಚಪ್ಪಲಿ ಸವೆಸಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ.

“ಬ್ಯಾಡಂದ್ರ ಹೇಳು,” ಎಂದು ಮುಗಿಸಿದ. “ನಾಳಿಗೇ ಕೆನಾಲಿಗೆ ಹೋಗ್ಲಿ ಇಬ್ರೂ. ಕಾಲೇನು ಮುರದಿಲ್ಲಲ್ಲ.”

ಒಲೆಯ ಮುಂದೆ ಕೂತಿದ್ದ ಇಬ್ಬರು ಹೆಂಗಸರ ಕೈ ಹಿಟ್ಟಿನಲ್ಲೇ ನಿಂತಿತು. ಪಕೀರಪ್ಪ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ.

ಮರುದಿನ ಐದಕ್ಕೆ ಅಪ್ಪ ಅಣ್ಣ ಬಂಡಿ ತಳ್ಳಿಕೊಂಡು ಓಣಿ ತಿರುಗುವವರೆಗೆ ಕಾದ. ಆಮೇಲೆ ಎರಡು ಖಾಲಿ ಕ್ಯಾನನ್ನು ಸೈಕಲ್ಲಿಗೆ ಕಟ್ಟಿಕೊಂಡು ಕಾಲುವೆಗೆ ಹೋದ. ಏರಿಯ ಮೇಲೆ ಮಂಜು ಕೂತಿತ್ತು. ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಕೊಡ ತಂದಿದ್ದ ಹೆಂಗಸರು ಅವನನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಂಡರು. ಆದಪ್ಪನ ಮನೆಗೆ ಹೊಸ ಸೊಸೆ ಬಂದಿದ್ದಾಳೆ ನೋಡಿರೆ ಎಂದಳು ಒಬ್ಬಳು. ಅವನು ಕ್ಯಾನು ತುಂಬಿ, ಆರೂಕಾಲಕ್ಕೆ ಮನೆಗೆ ಮುಟ್ಟಿಸಿದ. ಶೇಖರಮ್ಮ ಕ್ಯಾನನ್ನು ನೋಡಿದಳು, ಅವನನ್ನು ನೋಡಿದಳು, ಒಂದು ವಾರ ನಡೆಸು ನೋಡೋಣ ಎಂದಳು. ಹೇಳುತ್ತಲೇ ಹಿಪ್ಪೆಗೆ ನೀರು ಸುರಿದು ರುಬ್ಬುವ ಕಲ್ಲಿಗೆ ಕೈ ಹಾಕಿದಳು.

ವಾರ ಕಳೆಯಿತು, ಎರಡಾಯಿತು, ಮೂರಾಯಿತು. ಎರಡನೇ ಗುಂಡಿ ಒಂದು ದಿನವೂ ಒಡೆಯಲಿಲ್ಲ. ಅಪ್ಪ ಹೇಳಿದ್ದಕ್ಕೆ ಪಕೀರಪ್ಪ ಈಬತ್ತಿಯನ್ನೂ ಬಿಡಲಿಲ್ಲ, ಕಾಲುವೆಯಲ್ಲಿ ಹೇಗೂ ನೆನೆಯುತ್ತಿದ್ದ. ರಸ್ತೆ ದಾಟಿದ್ದ ಮಂದಿ ಒಬ್ಬೊಬ್ಬರಾಗಿ ಈ ಕಡೆ ಬಂದರು. ಮರಿಸ್ವಾಮಿಯ ಹಾಲು ಎಂಟಾಣೆಯದೇ, ಆದರೆ ಕಾಳಿನ ರೇಟು ಇನ್ನೂ ಏರಿದಾಗ ಅವನು ಒಂದೇ ಹಿಪ್ಪೆಯನ್ನು ಮೂರನೇ ಸಲವೂ ಹಿಂಡತೊಡಗಿದ್ದ. ಅದು ಹಾಲಿನ ಬಣ್ಣದ ಬೆಲ್ಲದ ನೀರಾಗಿತ್ತು. ಒಪ್ಪತ್ತಿನವರಿಗೆ ಹೊಟ್ಟೆಗೆ ಆಧಾರವಾಗಬೇಕಲ್ಲ, ಅವರು ಮೊದಲು ಬಿಟ್ಟರು. ಮರಿಸ್ವಾಮಿ ಒಂದು ದಿನ ಗಿಲಾಸಿಗೆ ಆರಾಣೆ ಮಾಡಿದ. ಆದಪ್ಪ ಬಾರಾಣೆಯಿಂದ ಕದಲಲಿಲ್ಲ. ಬಂಡಿ ಬೇಗ ಖಾಲಿಯಾಗಿ ಒಂಬತ್ತಕ್ಕೆಲ್ಲ ಮನೆಗೆ ಬರುತ್ತಿದ್ದರು.

ಇಷ್ಟರಲ್ಲಿ ಗುಟ್ಟು ಬಸ್ಸಪ್ಪನಿಗೂ ಮುಟ್ಟಿತು. ಮುಟ್ಟಿಸಿದವಳು ಶೇಖರಮ್ಮ. ಪಕೀರಪ್ಪ ಎಂದಾದರೂ ಮಸ್ಕಿಗೆ ಹೋದರೆ ಸಿಂಧನೂರಿನ ಗುಂಡಿಗೆ ನೀರು ತರುವವರು ಯಾರು ಎಂಬುದು ಅವಳ ಲೆಕ್ಕ. ಬಸ್ಸಪ್ಪ ಮೊದಲು ಹೌಹಾರಿದನಂತೆ, ಮಂದಿ ಏನಂದಾರು ಎಂದನಂತೆ.

“ನನ್ನ ಹೊಟ್ಟ್ಯಾಗಿಂದು ಯಾರದು ಅಂತ ಕೇಳಿದೆ,” ಎಂದು ಅವಳು ಮೈದುನನಿಗೆ ಹೇಳಿದಳು. “ನೀರು ತರಾಕ ಒಪ್ಕೊಂಡ್ರು.”

ಹೀಗೆ ಐದು ಮಂದಿಯ ಮನೆಯಲ್ಲಿ ನಾಲ್ಕು ಮಂದಿಗೆ ತಿಳಿದಿದ್ದದ್ದು ಒಬ್ಬನಿಗೆ ಮಾತ್ರ ತಿಳಿದಿರಲಿಲ್ಲ. ಅವನ ಬಾಯಿಗೆ ಹೆದರಿ ಓಣಿಯವರೂ ಅದನ್ನು ಅವನ ಕಿವಿಗೆ ಹಾಕಿರಲಿಲ್ಲ. ಆ ಒಬ್ಬನೇ ಬೋರಿಂಗಿನ ಕಟ್ಟೆಯ ಮೇಲೆ 'ಆದಪ್ಪ, ಗುರುಗುಂಟಾ' ಎಂದು ಸುಣ್ಣದಲ್ಲಿ ಬರೆಸಿದ.

ಶಿವರಾತ್ರಿಯ ಹಿಂದಿನ ದಿನ ಅಳಿಯ ಅಮರಗುಂಡಪ್ಪ ಗುರುಗುಂಟಾದಿಂದ ಎರಡು ಚೀಲ ಹೊಸ ಕುಸುಬಿ ಹಾಕಿಕೊಂಡು ಬಂದ. ಅವನಿಗೆ ಹುಗ್ಗಿ ಮಾಡಿ ಬಡಿಸಿದರು. ಉಂಡು, ಎಲೆ ಅಡಿಕೆ ಹಾಕಿಕೊಂಡ ಮೇಲೆ ಆದಪ್ಪ ಮಸ್ಕಿ ಬಂಡಿಯ ಮಾತು ತೆಗೆದ. ಅಳಿಯ ಕೈ ಮುಗಿದುಬಿಟ್ಟ. ತನಗೆ ಕುಸುಬಿ ಬಿತ್ತಲು, ಮುಳ್ಳು ಚುಚ್ಚಿಸಿಕೊಂಡು ಕೊಯ್ಯಲು ಗೊತ್ತು, ಹಾಲು ಕಾಸಲು ಗೊತ್ತಿಲ್ಲ ಎಂದ. ಮನೆಯಲ್ಲಿ ಬಲಗೈಯಂಥ ಮಗನಿರುವಾಗ ತನ್ನನ್ನೇಕೆ ಮಂದಿಯ ನಾಲಿಗೆಗೆ ಹಾಕುತ್ತೀರಿ ಎಂದೂ ಅಂದ. ಆದಪ್ಪ ಎಲೆಯ ರಸ ಉಗುಳಲು ಹೊರಗೆ ಹೋದವನು ಬಹಳ ಹೊತ್ತು ಒಳಗೆ ಬರಲಿಲ್ಲ. ಮಂದಿಯ ಮುಂದೆ ಕಸಿದುಕೊಂಡದ್ದನ್ನು ಸುಮ್ಮನೆ ವಾಪಸು ಕೊಡುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಬೆಳಗಾಗುವುದರೊಳಗೆ ದಾರಿ ಕಂಡುಕೊಂಡಿದ್ದ.

ಶಿವರಾತ್ರಿಯ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಉಪವಾಸದವರು, ಗುಡಿಗೆ ಹೊರಟವರು, ಮುಕ್ಕುಂದದಿಂದ ಟ್ರ್ಯಾಕ್ಟರಿನಲ್ಲಿ ಬಂದವರು ಎಲ್ಲರೂ ಬಂಡಿಯ ಸುತ್ತ. ಮೊದಲ ಗುಂಡಿ ಆರೂವರೆಗೇ ಬರಿದಾಗಿತ್ತು. ಪಕೀರಪ್ಪ ಎರಡನೆಯದನ್ನು ಒಲೆಗೇರಿಸಿ ತಿರುವುತ್ತಿದ್ದ. ಹಾಲು ನೊರೆಯೆದ್ದು ಗುಂಡಿಯ ಕಂಠಕ್ಕೆ ಬಂತು. ಅಮರಗುಂಡಪ್ಪ ಪಕ್ಕದಲ್ಲಿ ನಿಂತು ಗಿಲಾಸು ತೊಳೆದುಕೊಡುತ್ತಿದ್ದ. ರಸ್ತೆಯಾಚೆ ಮರಿಸ್ವಾಮಿ ತನ್ನ ಬಂಡಿಯ ಮೇಲೆ ಮೊಣಕೈ ಊರಿ ಇತ್ತಲೇ ನೋಡುತ್ತಿದ್ದ.

ಆದಪ್ಪ ಬಂಡಿಯ ಮುಂದೆ ಬಂದು ಮಂದಿಯ ಕಡೆ ತಿರುಗಿದ.

“ಮೂರು ತಿಂಗಳ ಹಿಂದ ಇಲ್ಲೇ ನಿಂತು ಇವಗ ಬೈದಿದ್ದೆ. ನೀವೂ ಕೇಳಿದ್ರಿ,” ಎಂದ. “ಇವತ್ತು ನೋಡ್ರಿ ಹಾಲು ಹೆಂಗ ಅದಾವು. ಜಳಕ ಮಾಡ್ದ, ಈಬತ್ತಿ ಹಚ್ಚಿದ, ಕೈ ಶುದ್ಧ ಆತು. ಸೋಮವಾರದಿಂದ ಮಸ್ಕಿ ಬಂಡಿ ಇವನದ.”

ಎರಡು ಮೂರು ಮಂದಿ ಭೇಷ್ ಎಂದರು. ಪಕೀರಪ್ಪನ ಕೈಯಲ್ಲಿ ಸೌಟು ನಿಧಾನವಾಯಿತು. ಆದಪ್ಪ ಮಗನ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದ ಮೇಲೆ ಸಣ್ಣಗೆ ನಗುತ್ತಿದ್ದ.

“ಆದ್ರ ಒಂದು ಮಾತು. ಈ ಮಂದಿ ಮುಂದ ಅಂದಿದ್ದೆ, ಈ ಮಂದಿ ಮುಂದನ ಹೇಳಿಬಿಡು. ತಪ್ಪು ನಿನ್ನ ಕೈಯಾಗಿತ್ತು ಹೌದಿಲ್ಲೋ?”

“ಮಾವ, ಹಬ್ಬದ ದಿನ ಯಾಕ ಅದು,” ಎಂದ ಅಮರಗುಂಡಪ್ಪ ಮೆಲ್ಲಗೆ.

“ತಪ್ಪಿದ್ದಿಲ್ಲ ಅಂದ್ರ ಅದನ್ನೂ ಹೇಳ್ಲಿ. ಮತ್ತ ಯಾತಕ್ಕ ಒಡೀತು ಅಂತ ಹೇಳ್ಲಿ. ನಾ ಬ್ಯಾಡ ಅನ್ನಂಗಿಲ್ಲ.”

ಬಸ್ಸಪ್ಪ ಬೆಲ್ಲ ಕುಟ್ಟುವುದನ್ನು ನಿಲ್ಲಿಸಿದ. ತಮ್ಮನನ್ನು ನೋಡಿ, ಕಣ್ಣಲ್ಲೇ ಬೇಡ ಎಂದ. ಏನು ಬೇಡ ಎಂಬುದು ಅವನಿಗೂ ಸ್ಪಷ್ಟವಿರಲಿಕ್ಕಿಲ್ಲ. ಶೇಖರಮ್ಮನಿಗೆ ಏಳು ತುಂಬಲು ಬಂದಿತ್ತು, ನೀರಿನ ಮಾತು ಹೊರಬಿದ್ದರೆ ಕೊಡ ಮತ್ತೆ ಅವಳ ಸೊಂಟಕ್ಕೆ.

“ಹೌದಂದು ಬಿಡಲೇ ಪಕೀರಪ್ಪ,” ಎಂದ ಜವಳಗೇರಾ ಬಸ್ಸಿನ ಕಂಡಕ್ಟರ್, ಗಿಲಾಸನ್ನು ಮುಂದೆ ಚಾಚುತ್ತ. “ಒಂದು ಮಾತಿಗೆ ಒಂದು ಬಂಡಿ ಬರ್ತೈತಿ. ನನಗೂ ಹೊತ್ತಾತು.”

ಮಂದಿ ನಕ್ಕು ಸುಮ್ಮನಾಗಿ ಕಾದರು. ಪಕೀರಪ್ಪ ಕಂಡಕ್ಟರನ ಗಿಲಾಸು ತುಂಬಿದ. ಅವನ ಹಿಂದಿದ್ದ ಮುದುಕಿಯ ಗಿಲಾಸನ್ನೂ ತುಂಬಿದ. ಒಲೆಯ ಒಂದು ಕಟ್ಟಿಗೆ ಹೊರಗೆಳೆದು ಉರಿ ತಗ್ಗಿಸಿದ. ಸೌಟನ್ನು ಅಣ್ಣನ ಕೈಗೆ ಕೊಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ಹಣೆಯ ಈಬತ್ತಿಯನ್ನು ಒರೆಸಿಕೊಂಡ.

“ಹೇಳಲೇ,” ಎಂದ ಆದಪ್ಪ.

ಪಕೀರಪ್ಪ ಬಂಡಿಯನ್ನು ಬಳಸಿ, ಅಪ್ಪನ ಪಕ್ಕದಿಂದಲೇ ಹಾದು, ಮಂದಿ ಬಿಟ್ಟ ದಾರಿಯಲ್ಲಿ ಹೊರಗೆ ಬಂದ. ಆದಪ್ಪ ಮತ್ತೊಮ್ಮೆ ಕೇಳಿದ, ಈ ಸಲ ಜೋರಾಗಿ. ಪಕೀರಪ್ಪ ನಿಲ್ಲಲಿಲ್ಲ. ಮಸ್ಕಿಯ ಬಸ್ಸು ಹೊರಡಲು ಹಾರ್ನ್ ಹಾಕುತ್ತಿತ್ತು. ಸುಳ್ಳು ಒಪ್ಪಿ ಸಿಗುವ ಬಂಡಿ ಬೇಡವೆಂದು ಆ ಬಸ್ಸನ್ನೂ ದಾಟಿ ನಡೆದ.